ಸವಳು, ಅಂಟವಾಳ, ಅರದಾಳ

ಗದುಗಿನ ರಂಗಭೂಮಿಯ ಚರಿತ್ರೆಯನ್ನು ಬರೆದವರು ಕವಿಗಳನ್ನು ಸ್ಮರಿಸಿದ್ದಾರೆ, ನಟರನ್ನು ಕೊಂಡಾಡಿದ್ದಾರೆ, ಪೇಟಿಯ ಮುಂದೆ ಕುಳಿತ ಗವಾಯಿಗಳನ್ನೂ, ಸಾಲ ತಂದು ಪರದೆ ಬರೆಯಿಸಿದ ಕಂಪನಿಯ ಮಾಲಕರನ್ನೂ ಯಥೋಚಿತವಾಗಿ ನೆನೆದಿದ್ದಾರೆ. ಆದರೆ ನಸುಕಿನಲ್ಲಿ ಮಂಗಳಾರತಿಯಾಗಿ ಜನರೆಲ್ಲ ಮನೆ ಸೇರಿದ ಮೇಲೆ, ರಾಯನ ಅಂಗಿಯ ಕತ್ತುಪಟ್ಟಿಗೆ ಹತ್ತಿದ ಅರದಾಳವನ್ನೂ ರಾಣಿಯ ಕುಬುಸಕ್ಕಿಳಿದ ಸಫೇದವನ್ನೂ ತೆಗೆದು, ಅವೇ ಅರಿವೆಗಳನ್ನು ಮುಂದಿನ ಆಟಕ್ಕೆ ಅಣಿಗೊಳಿಸಿಕೊಟ್ಟ ಅಗಸನ ವಿಷಯದಲ್ಲಿ ಅವರ ಲೇಖನಿ ಬಹುಮಟ್ಟಿಗೆ ಮೌನವನ್ನೇ ತಾಳಿದೆ. ಈ ಮೌನಕ್ಕೆ ಅನಾದರವೊಂದೇ ಕಾರಣವೆಂದು ನಾನು ಹೇಳಲಾರೆ. ತನ್ನ ಗುರುತು ಉಳಿಯದಂತೆ ಮಾಡಿದಾಗಲೇ ಪೂರ್ಣವಾಗುವ ಕೆಲಸ ಅದು. ಚೆನ್ನಾಗಿ ತೊಳೆದ ಬಟ್ಟೆಯಲ್ಲಿ ತೊಳೆದವನ ಕುರುಹು ಕಾಣುವುದೆಂತು? ಆದುದರಿಂದ ಅವನ ಚರಿತ್ರೆಯನ್ನು ಬಣ್ಣದ ಕಡೆಯಿಂದಲೇ ಊಹಿಸಿಕೊಂಡು ಹೋಗಬೇಕಾಗಿದೆ.

ಈ ಸೀಮೆಗೆ ನಾಟಕದ ಗೀಳು ಹತ್ತಿದ ಬಗೆಯನ್ನರಿಯಲು ಆಗಿನ ರಾಜ್ಯವಿಭಾಗವನ್ನು ತುಸು ನೆನೆಯಬೇಕು. ಗದಗ-ಬೆಟಗೇರಿಯೂ ಮುಂಡರಗಿಯೂ ಧಾರವಾಡ ಜಿಲ್ಲೆಯಲ್ಲಿ, ಮುಂಬಯಿ ಇಲಾಖೆಯ ಆಡಳಿತಕ್ಕೆ ಒಳಪಟ್ಟಿದ್ದರೆ, ಹತ್ತಿರದ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಕರ್ನಾಟಕದ ಭಾಗವತರ ಆಟವನ್ನು ಕಂಡ ಸಾಂಗಲಿಯ ಅರಸರ ಇಚ್ಛೆಯಂತೆ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿದರು, ಹೀಗೆ ನಮ್ಮಲ್ಲಿಂದಲೇ ಬೀಜವನ್ನು ಪಡೆದ ಮರಾಠಿ ರಂಗಭೂಮಿ ಕೆಲವೇ ವರ್ಷಗಳಲ್ಲಿ ಬೆಳೆದು, ಪರದೆ ಪೋಷಾಕುಗಳ ವೈಭವದೊಡನೆ ನಮ್ಮ ಊರುಗಳಿಗೇ ಬಂದಿಳಿದಾಗ, ಕನ್ನಡಿಗರಲ್ಲಿ ಸಂತೋಷದೊಡನೆ ಸ್ವಲ್ಪ ನಾಚಿಕೆಯೂ ಉಂಟಾದುದು ಸಹಜವೇ. ಆ ನಾಚಿಕೆಯ ಫಲವೇ 1870ರ ದಶಕದಲ್ಲಿ ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು, ಗದುಗಿನಲ್ಲಿ ವೀರನಾರಾಯಣನ ಹೆಸರಿನಲ್ಲಿ ಕಟ್ಟಿದ ಕೃತಪುರ ನಾಟಕ ಮಂಡಳಿ. ಮುಂದೆ 1880ರ ದಶಕದಲ್ಲಿ ಗದುಗಿಗೆ ರೈಲು ಬಂದಿತು. ಪೆಟ್ಟಿಗೆಗಟ್ಟಲೆ ಸಾಮಾನು ಹೊತ್ತು ಊರಿಂದೂರಿಗೆ ತಿರುಗುವುದು ಸುಲಭವಾಯಿತು. ಶಿರಹಟ್ಟಿ ವೆಂಕೋಬರಾಯರ ಮಂಡಳಿ, ಗರುಡ ಸದಾಶಿವರಾಯರ ದತ್ತಾತ್ರೇಯ ಮಂಡಳಿ, ಹುಯಿಲಗೋಳ ನಾರಾಯಣರಾಯರ ನಾಟಕಗಳನ್ನು ಆಡಿದ ಊರಿನ ಹವ್ಯಾಸಿಗಳು, ಕಡೆಗೆ ಪಂಚಾಕ್ಷರಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದವರು ಅಂಧರೂ ಅನಾಥರೂ ಆದ ಶಿಷ್ಯರ ಪೋಷಣೆಗಾಗಿ ನಡೆಯಿಸಿದ ನಾಟಕ ಕಂಪನಿ, ಇವೆಲ್ಲವುಗಳ ಹಿಂದೆ ಒಂದೊಂದು ಅರಿವೆಯ ಗಂಟು ಇದ್ದೇ ಇತ್ತು.

ಆ ಗಂಟಿನ ಬೆಲೆಯನ್ನು ನಾವು ಈಗ ಸರಿಯಾಗಿ ತೂಗಲಾರೆವು. ನಟ ಮುನಿಸಿಕೊಂಡು ಹೋದರೆ ಇನ್ನೊಬ್ಬನು ಸಿಕ್ಕಾನು, ನಾಟಕ ರುಚಿಸದಿದ್ದರೆ ಬೇರೊಂದನ್ನು ಹೂಡಬಹುದು. ಆದರೆ ಮಖಮಲ್ಲಿನ ನಿಲುವಂಗಿ, ಜರಿಯ ಶಲ್ಯ, ರೇಶಿಮೆಯ ಪೀತಾಂಬರ ಇವು ಕೆಟ್ಟರೆ ಕಂಪನಿಯ ಬಂಡವಾಳವೇ ಕೆಟ್ಟಂತೆ. ಒಬ್ಬ ರಾಜನ ಉಡುಪು ಈ ರಾತ್ರಿ ದುಷ್ಯಂತನದು, ನಾಳೆ ಹರಿಶ್ಚಂದ್ರನದು, ನಾಡಿದ್ದು ಕೀಚಕನದೂ ಆಗಬೇಕು. ಮೂವರ ಕತ್ತಿನ ಬೆವರೂ ಬಣ್ಣವೂ ಅದೇ ಪಟ್ಟಿಯಲ್ಲಿ ಕೂಡಿ ದಪ್ಪನೆಯ ಕೊಳೆಯ ಕಟ್ಟು ಬೀಳುವುದು. ಗ್ಯಾಸಬತ್ತಿಯ ಝಳದಲ್ಲಿ, ಎರೆಯ ಸೀಮೆಯ ಬೇಸಗೆಯ ಸೆಕೆಯಲ್ಲಿ, ತಗಡಿನ ಥೇಟರಿನೊಳಗೆ ಆರು ತಾಸು ಹಾಡಿ ಕೂಗಿ ಕುಣಿದವನ ಮುಖದ ಬಣ್ಣವು ಮುಖದಲ್ಲಿಯೇ ನಿಂತೀತೆಂದು ಯಾರು ತಾನೆ ನಂಬುವರು? ಸ್ತ್ರೀಪಾತ್ರವನ್ನು ಗಂಡಸರೇ ವಹಿಸುತ್ತಿದ್ದ ಕಾಲದಲ್ಲಿ ಈ ತೊಂದರೆ ಮತ್ತಷ್ಟು ಹೆಚ್ಚಿನದು. ಬೋಳಿಸಿದ ಗಡ್ಡದ ಹಸುರು ತೋರದಂತೆ ಗಲ್ಲಕ್ಕೂ ಕೊರಳಿಗೂ ಬಣ್ಣವನ್ನು ದಪ್ಪವಾಗಿ ಬಳಿಯಬೇಕು, ಕುಬುಸದ ಕಂಠವಂತೂ ಅದೇ ಸ್ಥಳಕ್ಕೆ ಬಿಗಿಯಾಗಿ ಕೂಡುತ್ತದೆ. ನಾಯಿಕೆಯು ಶೋಕದಿಂದ ಸೆರಗಿನಲ್ಲಿ ಮುಖವನ್ನು ಮರೆಮಾಡಿಕೊಂಡಾಗ ಪ್ರೇಕ್ಷಕರು ಕಣ್ಣೀರಿಡುತ್ತಿದ್ದರೆಂದರೆ, ಆ ಸೆರಗನ್ನು ಮರುದಿನ ಕೈಗೆ ತೆಗೆದುಕೊಳ್ಳುವವನೂ ತನ್ನದೇ ಆದ ಕಾರಣಕ್ಕೆ ಕಣ್ಣೀರಿಟ್ಟಿರಬಹುದು.

ಇನ್ನು ಬಣ್ಣದ ದ್ರವ್ಯಗಳು. ಲಕ್ಷ್ಮೇಶ್ವರ ಮುಂಡರಗಿಗಳ ಸುತ್ತಣ ಹಳ್ಳಿಗಳ ದೊಡ್ಡಾಟದವರಿಗೂ ಪೇಟೆಯ ಕಂಪನಿಗಳಿಗೂ ಮೊದಮೊದಲಲ್ಲಿ ಅವು ಹೆಚ್ಚು ಬೇರೆಯಾಗಿರಲಿಲ್ಲ: ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳುಪಿಗೆ ಸಫೇದ, ಕಪ್ಪಿಗೆ ದೀಪದ ಕಾಡಿಗೆ, ಇವೆಲ್ಲವನ್ನೂ ಮುಖದ ಮೇಲೆ ಹಿಡಿದು ನಿಲ್ಲಿಸುವುದಕ್ಕೆ ಕೊಬ್ಬರಿ ಎಣ್ಣೆ. ಹೆಸರುಗಳು ಇಂಪಾಗಿವೆ, ದ್ರವ್ಯಗಳು ಮಾತ್ರ ಕ್ರೂರವಾದವು. ಸಂಸ್ಕೃತದ ವೈದ್ಯರು ಹರಿತಾಳವೆಂದ ಅರದಾಳವು ಗಂಧಕ ಕೂಡಿದ ಪಾಷಾಣ. ಇಂಗಳೀಕವು ಗಂಧಕ ಕೂಡಿದ ಪಾದರಸ. ಸಫೇದವು ಕೆಲವೊಮ್ಮೆ ಸತುವಿನದು, ಕೆಲವೊಮ್ಮೆ ಸೀಸದ್ದು. ಸೀಸದ ಸಫೇದವು ಅರದಾಳದೊಡನೆ ಕೂಡಿದರೆ ಕಾಲಕ್ರಮದಲ್ಲಿ ಕಪ್ಪಿಡುವುದೆಂಬುದು ಚಿತ್ರಕಾರರಿಗೆ ಹಿಂದಿನಿಂದಲೂ ತಿಳಿದ ಸಂಗತಿ. ಪರರಾಜ್ಯಗಳನ್ನು ಗೆದ್ದು ಬಂದ ಅರಸನು ಬಣ್ಣದ ಕೋಣೆಯಲ್ಲಿ ಕುಳಿತು ಇಷ್ಟೊಂದು ವಿಷವನ್ನು ಮೋರೆಗೆ ಮೆತ್ತಿಕೊಳ್ಳುತ್ತಿದ್ದನಲ್ಲ, ಆ ಶೌರ್ಯವನ್ನು ಯಾವ ನಾಟಕಕಾರನೂ ವರ್ಣಿಸಲಿಲ್ಲ.

ಬಣ್ಣಗಳ ಸ್ವಭಾವವೇ ಬೇರೆ ಬೇರೆಯಾಗಿರುವುದರಿಂದ ಅವುಗಳನ್ನು ಬಿಡಿಸುವ ಉಪಾಯವೂ ಒಂದೇ ಆಗಲಾರದು. ಈ ವಿವೇಕವು ನಮ್ಮ ದೇಶದಲ್ಲಿ ಬಹಳ ಹಳೆಯದು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ವಸ್ತ್ರಶುದ್ಧಿಯ ಮಾತು ಬರುವಲ್ಲಿ, ರೇಶಿಮೆಗೂ ಉಣ್ಣೆಗೂ ಸವಳುಮಣ್ಣು, ಕಂಬಳಿಗೆ ಅಂಟವಾಳ, ನಯವಾದ ಪಟ್ಟೆಗೆ ಬಿಲ್ವದ ಕಾಯಿ, ನಾರುಬಟ್ಟೆಗೆ ಬಿಳಿಯ ಸಾಸಿವೆ ಎಂದು ಒಂದೊಂದಕ್ಕೆ ಒಂದೊಂದನ್ನು ವಿಧಿಸಿದೆ. ಸ್ಮೃತಿಕಾರನ ಮಿಕ್ಕ ವಿಧಿಗಳ ಬಗೆಗೆ ಅವರವರ ಅಭಿಪ್ರಾಯ ಏನೇ ಇರಲಿ, ಈ ಶ್ಲೋಕವನ್ನು ಆತನು ಯಾವನೋ ಅನುಭವಿಯಾದ ಮಡಿವಾಳನ ಬಾಯಿಂದ ಕೇಳಿ ಬರೆದನೆಂದೇ ನನಗೆ ತೋರುತ್ತದೆ. ತೊಳೆಯುವ ಕಷ್ಟವನ್ನರಿಯದವನಿಗೆ ಇಂಥ ಭೇದಗಳು ಹೊಳೆಯುವುದಿಲ್ಲ. ಶರಣರ ಬಟ್ಟೆಗಳನ್ನು ಮಡಿಮಾಡಿದ ದೇವರ ಹಿಪ್ಪರಗಿಯ ಮಾಚಿದೇವರನ್ನು ಹನ್ನೆರಡನೆಯ ಶತಮಾನದ ಕಲ್ಯಾಣವು ಪೂಜ್ಯಸ್ಥಾನದಲ್ಲಿರಿಸಿತ್ತೆಂಬುದನ್ನೂ ಇಲ್ಲಿ ನೆನೆಯಬಹುದು.

ಎರೆಯ ಸೀಮೆಗೆ ನಿಸರ್ಗವು ನೀರನ್ನು ಧಾರಾಳವಾಗಿ ಕೊಡಲಿಲ್ಲ. ತುಂಗಭದ್ರೆಯೇನೋ ಶಿರಹಟ್ಟಿ ಮುಂಡರಗಿ ತಾಲೂಕುಗಳ ತೆಂಕಣ ಅಂಚನ್ನು ತೊಳೆಯುತ್ತ ಹೋಗುತ್ತಾಳೆ. ಗದಗ-ಬೆಟಗೇರಿಗೆ ಮಾತ್ರ ಕೆರೆ, ಬಾವಿ, ಹಳ್ಳಗಳೇ ಗತಿ. ಬಾವಿಯ ಗಡಸು ನೀರಿನಲ್ಲಿ ಸಾಬೂನು ಒಡೆದು ಜಿಡ್ಡಾಗುತ್ತದೆ, ಅಂಟವಾಳವಾದರೋ ನೊರೆ ಕೊಡುವುದನ್ನು ಬಿಡುವುದಿಲ್ಲ. ನೀರಿನ ಪುಣ್ಯ ಇಲ್ಲದಿದ್ದರೂ ನೆಲವು ಸವಳನ್ನು ಕೊಟ್ಟಿತು. ಬೇಸಗೆಯಲ್ಲಿ ತಗ್ಗಿನ ಜಾಗಗಳಲ್ಲಿ ಬೆಳ್ಳಗೆ ಉಕ್ಕುವ ಈ ಕ್ಷಾರಮೃತ್ತಿಕೆಯನ್ನು ಬಳಿದು ತಂದು, ನೀರಿನಲ್ಲಿ ಕದಡಿ, ತಿಳಿಯನ್ನು ಬಸಿದು, ಅದರಲ್ಲಿ ಅರಿವೆಗಳನ್ನು ತೊಯ್ಸಿ ಹಿಂಡಿ, ನೀರು ಕುದಿಯುವ ದೊಡ್ಡ ಹಂಡೆಯ ಬಾಯಿಯ ಸುತ್ತ ಒಟ್ಟಿ, ಒಂದು ರಾತ್ರಿಯೆಲ್ಲ ಹಬೆಯಲ್ಲಿ ಬೇಯಿಸುವುದೇ ಉಬ್ಬೆ. ಎಣ್ಣೆಯ ಜಿಡ್ಡು ಕ್ಷಾರದೊಡನೆ ಕೂಡಿ ತಾನೇ ಸಾಬೂನಿನಂತಾಗಿ ಕರಗುತ್ತದೆ. ಅರದಾಳಕ್ಕೂ ಕ್ಷಾರದಲ್ಲಿ ಕರಗುವ ಗುಣವುಂಟು. ಹತ್ತಿಯ ಅಂಗಿಗೆ ಹತ್ತಿದ ಹಳದಿಯು ಉಬ್ಬೆಯಿಂದ ಬಿಡುತ್ತಿದ್ದುದರಲ್ಲಿ ಪವಾಡವೇನೂ ಇರಲಿಲ್ಲ.

ಆದರೆ ಎಲ್ಲವನ್ನೂ ಉಬ್ಬೆಗೆ ಹಾಕುವವನು ಅಗಸನಲ್ಲ. ಇಂಗಳೀಕವು ಯಾವ ಕ್ಷಾರಕ್ಕೂ ಜಗ್ಗುವುದಿಲ್ಲ, ಕಾಡಿಗೆಯಂತೂ ಶುದ್ಧ ಮಸಿ. ಲೋಕದಲ್ಲಿ ಅದನ್ನು ಕರಗಿಸುವ ನೀರಿಲ್ಲ. ಅವುಗಳನ್ನು ಹಿಡಿದುಕೊಂಡ ಎಣ್ಣೆಯನ್ನು ಸಡಿಲಿಸಿದರೆ ಅವು ಕಾಳುಕಾಳಾಗಿ ತಾವೇ ಉದುರಬೇಕು. ಅದಕ್ಕೆ ಮೊದಲು ಒದ್ದೆ ಮಾಡಿ ಉಜ್ಜಿದರೆ ನೂಲಿನೊಳಗೆ ಇನ್ನಷ್ಟು ಆಳಕ್ಕೆ ಇಳಿದು ಕುಳಿತುಬಿಡುತ್ತವೆ. ಅದಕ್ಕಾಗಿ ಒಣಗಿದ ಬಣ್ಣವನ್ನು ಮೊದಲು ಮೊಂಡು ಅಲಗಿನಿಂದ ಹೆರೆದು ಕೊಡವಿ, ಬಳಿಕ ಶುದ್ಧ ಎಣ್ಣೆಯ ಒಂದೆರಡು ಹನಿ ಹಾಕಿ ಹಳೆಯ ಎಣ್ಣೆಯನ್ನು ಎಬ್ಬಿಸಿ, ಆಮೇಲೆ ಅಂಟವಾಳದ ನೊರೆ, ಕಟ್ಟಕಡೆಗೆ ನೀರು, ಈ ಕ್ರಮದಲ್ಲಿ ಹೋಗಬೇಕು. ಎಣ್ಣೆಯ ಕರೆಗೆ ಎಣ್ಣೆಯನ್ನೇ ಹಾಕುವುದು ಹೊರಗಿನವನಿಗೆ ಹುಚ್ಚಾಗಿ ಕಾಣುವುದಾದರೂ, ಮುಖದ ಬಣ್ಣವನ್ನು ಅಳಿಸಿಕೊಳ್ಳುವಾಗ ನಟನು ಪ್ರತಿರಾತ್ರಿಯೂ ಮಾಡುವ ಕೆಲಸವೂ ಅದೇ ಅಲ್ಲವೆ?

ಎಲ್ಲಕ್ಕಿಂತ ಮೋಸಗಾರನೆಂದರೆ ಅರಿಶಿನ. ದೇವಿಯ ಪಾತ್ರಕ್ಕೂ ಮದುವೆಯ ದೃಶ್ಯಕ್ಕೂ ಬೇಕಾದ ಈ ಮಂಗಳದ್ರವ್ಯವು ಬಟ್ಟೆಯ ಮೇಲೆ ಬಿದ್ದಾಗ ಸೌಮ್ಯವಾದ ಹಳದಿ; ಅದಕ್ಕೆ ಸವಳಿನ ತಿಳಿಯೋ ಸಾಬೂನೋ ಸೋಕಿತೆಂದರೆ ಕ್ಷಣಾರ್ಧದಲ್ಲಿ ರಕ್ತದಂತೆ ಕೆಂಪಾಗಿ, ತೊಳೆಯಹೋದವನ ಎದೆ ಝಲ್ಲೆನ್ನುವಂತೆ ಮಾಡುತ್ತದೆ. ಅರಿಶಿನಕ್ಕೆ ಸುಣ್ಣ ಕೂಡಿದರೆ ಓಕುಳಿಯಾಗುವ ಗುಣವೇ ಇದು. ನಿಂಬೆಯ ಹುಳಿ ಹಿಂಡಿದರೆ ಮರಳಿ ಹಳದಿಯಾಗುವುದು, ಬಳಿಕ ತೊಳೆದು ಬಿಸಿಲಿಗೆ ಹರವಿದರೆ ಸೂರ್ಯನೇ ಅದನ್ನು ಮೆಲ್ಲಗೆ ಹೀರಿಕೊಳ್ಳುವನು. ತನ್ನಲ್ಲಿದ್ದ ಅತ್ಯಂತ ಬಲವಾದ ಸಾಧನವನ್ನು ಯಾವಾಗ ಉಪಯೋಗಿಸಬಾರದೆಂಬುದನ್ನು ಅರಿತವನೇ ಈ ಕಸುಬಿನಲ್ಲಿ ಜಾಣನೆನಿಸುತ್ತಿದ್ದನು. ಇಳಕಲ್ಲ ಸೀರೆಯ ಕೆಂಪು ರೇಶಿಮೆಯ ಸೆರಗನ್ನು ಒಡಲಿನೊಡನೆ ಉಬ್ಬೆಗೆ ಹಾಕಿದವನು ಕರೆಯನ್ನೂ ಕಳೆದಾನು, ಸೆರಗನ್ನೂ ಕಳೆದಾನು; ಕುದಿಯುವ ಕ್ಷಾರದ ಮುಂದೆ ರೇಶಿಮೆ ನಿಲ್ಲದು. ಸ್ಮೃತಿಯು ರೇಶಿಮೆಗೆ ಸವಳನ್ನು ಹೇಳಿದೆ, ನಿಜ. ಹಂಡೆಯ ಹಬೆಯನ್ನು ಹೇಳಿಲ್ಲ.

ಜರಿಗೂ ಮಖಮಲ್ಲಿಗೂ ನೀರೇ ವರ್ಜ್ಯವಾದುದರಿಂದ ಅವು ಅಗಸನ ಗಂಟಿನಲ್ಲಿ ಸೇರದೆ ಕಂಪನಿಯ ಪೆಟ್ಟಿಗೆಯಲ್ಲಿಯೇ ಉಳಿಯುತ್ತಿದ್ದವು. ಹಿಟ್ಟನ್ನೋ ಸೀಮೆಸುಣ್ಣದ ಪುಡಿಯನ್ನೋ ಜಿಡ್ಡಿನ ಮೇಲೆ ಉದುರಿಸಿ, ಅದು ಎಣ್ಣೆ ಹೀರಿಕೊಂಡ ಮೇಲೆ ಕುಂಚದಿಂದ ಕೊಡವಿ, ನೆರಳಿನಲ್ಲಿ ಗಾಳಿಗೆ ಹರವುವುದೇ ಅವುಗಳ ಸ್ನಾನ. ಬಣ್ಣ ಹಚ್ಚಿಕೊಳ್ಳುವಾಗ ಹೆಗಲ ಮೇಲೆ ಹಳೆಯ ಪಂಜೆಯ ತುಂಡನ್ನು ಹೊದೆಯುವುದು, ಕತ್ತುಪಟ್ಟಿಯ ಒಳಗೆ ಬಿಚ್ಚಿ ತೆಗೆಯಬಹುದಾದ ಹತ್ತಿಯ ಪಟ್ಟಿಯನ್ನು ಟಾಕುಹಾಕುವುದು, ಇಂಥ ಸಣ್ಣ ಎಚ್ಚರಿಕೆಗಳು ಎಷ್ಟೋ ಮಖಮಲ್ಲಿನ ಆಯುಷ್ಯವನ್ನು ಬೆಳೆಸಬಲ್ಲವು. ನೇಕಾರಿಕೆಯ ಊರಾದ ಬೆಟಗೇರಿಯ ನೆರೆಯಲ್ಲಿ ಆ ಪಟ್ಟಿಗೆ ಬಟ್ಟೆಯ ಕೊರತೆಯಂತೂ ಬರುವಂತಿರಲಿಲ್ಲ.

ಪಶ್ಚಿಮದಲ್ಲಿ 1873ರಲ್ಲಿಯೇ ಬರ್ಲಿನ್ನಿನ ಲೈಶ್ನರ್ ಎಂಬ ಗಾಯಕನು ಸೀಸದ ವಿಷವಿಲ್ಲದ ಜಿಡ್ಡುಬಣ್ಣದ ಕಡ್ಡಿಗಳನ್ನು ಮಾಡಿ ಮಾರಲಾರಂಭಿಸಿದ್ದನು. ಅಂಥ ಕಡ್ಡಿಗಳೂ ಪುಡಿಗಳೂ ಮುಂಬಯಿಯ ದಾರಿಯಿಂದ ನಮ್ಮ ಕಂಪನಿಗಳನ್ನು ಮುಟ್ಟಿದಾಗ ನಟನ ಚರ್ಮಕ್ಕೆ ಸುಖವಾಯಿತು. ಅಗಸನಿಗೆ ಮಾತ್ರ ಮೇಣ ಕೂಡಿದ ಆ ಬಣ್ಣವು ಹೊಸ ತಲೆನೋವು, ಏಕೆಂದರೆ ಮೇಣವು ಅಂಟವಾಳಕ್ಕೆ ಎಣ್ಣೆಯಷ್ಟು ಬೇಗ ಮಣಿಯುವುದಿಲ್ಲ. ಸೀಮೆಎಣ್ಣೆ, ಪೆಟ್ರೋಲುಗಳಿಂದ ಒರೆಸುವ ರೂಢಿ ಆಗ ಬಂದಿತು. ಕರೆ ಹೋದರೂ ವಾಸನೆ ಹೋಗದೆ, ಸ್ವರ್ಗದಿಂದಿಳಿದ ಊರ್ವಶಿಯ ಮೈಯಿಂದ ಮುಂದಿನ ಸಾಲಿನವರೆಗೆ ಕಂದೀಲಿನ ಗಂಧ ಹರಿದು ಬರುವುದಕ್ಕೆ ಅವಕಾಶವಾಯಿತು. 1888ರಿಂದ ಹಿಂದುಸ್ತಾನಕ್ಕೆ ಬರತೊಡಗಿದ ಸನ್‌ಲೈಟ್ ಸಾಬೂನು, ಅದರ ಹಿಂದೆಯೇ ಚೌಕಾಕಾರದ ಬಾರ್ ಸಾಬೂನು, ಬಟ್ಟೆಸೋಡಾ, ನೀಲಿಯ ಪೊಟ್ಟಣ, ಇವು ಒಂದೊಂದಾಗಿ ಸವಳಿನ ಗುಡ್ಡೆಯನ್ನು ಬದಿಗೆ ಸರಿಸಿದವು. ಅಮೇರಿಕದ ಮ್ಯಾಕ್ಸ್ ಫ್ಯಾಕ್ಟರನ ಮನೆಯವರು 1930ರ ದಶಕದ ಕಡೆಯಲ್ಲಿ ವರ್ಣಚಿತ್ರಪಟಗಳಿಗಾಗಿ ಹೊರತಂದ ಪ್ಯಾನ್‌ಕೇಕ್ ಎಂಬ ಬಿಲ್ಲೆಯು ಒದ್ದೆ ಸ್ಪಂಜಿನಿಂದ ಹಚ್ಚುವಂಥದು, ಎಣ್ಣೆ ಬಹಳ ಕಡಿಮೆ. ಅದರ ಕರೆಗೆ ತಣ್ಣೀರೂ ಸ್ವಲ್ಪ ಸಾಬೂನೂ ಬಹುಶಃ ಸಾಕು. ಬಣ್ಣದ ಅರಿವೆ ಒಗೆಯುವ ಕಸುಬಿಗೆ ಇಷ್ಟು ದೊಡ್ಡ ಉಪಕಾರವನ್ನು ಮತ್ತಾವ ರಸಾಯನಜ್ಞನೂ ಮಾಡಿದಂತಿಲ್ಲ, ಅದೂ ಮಾಡಬೇಕೆಂದು ಮಾಡಿದ್ದಲ್ಲ.

ಈಗ ಕಂಪನಿಗಳ ಬಹುಭಾಗ ಚದರಿಹೋಗಿ, ಬಣ್ಣವು ರಂಗದಿಂದಿಳಿದು ಮದುವೆಯ ಮನೆಗೆ ಬಂದಿದೆ. ಲಗ್ನದ ಮುಹೂರ್ತಗಳು ದಟ್ಟವಾಗಿರುವ ದಿನಗಳಲ್ಲಿ ಗದಗ-ಬೆಟಗೇರಿಯ ಲಾಂಡ್ರಿಗಳಿಗೆ ಬರುವ ಮದುಮಗಳ ಕುಬುಸದ ಕಂಠದಲ್ಲಿ ಫೌಂಡೇಶನ್ನಿನ ಪಟ್ಟಿ, ಬೀಗರನ್ನು ಅಪ್ಪಿಕೊಂಡ ಮದುಮಗನ ಬಿಳಿಯ ಅಂಗಿಯ ಹೆಗಲಿಗೆ ಯಾರದೋ ತುಟಿಯ ಕೆಂಪು, ಎರಡರ ಮೇಲೂ ಅಕ್ಷತೆಯ ಅರಿಶಿನ. ಮನೆಯಲ್ಲಿಯೇ ತೊಳೆಯಹೊರಟವರು ಇಂದಿಗೂ ಮೊದಲು ಕೈಹಾಕುವುದು ಬಿಸಿನೀರಿಗೂ ಸಾಬೂನಿನ ಪುಡಿಗೂ. ಅರಿಶಿನವು ಕೂಡಲೇ ಕೆಂಪೇರುತ್ತದೆ, ತುಟಿಬಣ್ಣದ ಮೇಣವು ಕರಗಿ ಹರಡುತ್ತದೆ, ಅಂಗಿಯನ್ನು ಗಾಬರಿಯಿಂದ ಸುತ್ತಿಕೊಂಡು ಮರುದಿನ ಲಾಂಡ್ರಿಗೆ ಒಯ್ಯುವುದಾಗುತ್ತದೆ. ಅಲ್ಲಿಯ ಅನುಭವಸ್ಥನು ಅದನ್ನು ಬಿಚ್ಚಿ ನೋಡಿ ಕೇಳುವ ಮೊದಲ ಪ್ರಶ್ನೆ, ಮನೆಯಲ್ಲಿ ಇದಕ್ಕೆ ಏನು ಹಾಕಿದಿರಿ ಎಂಬುದು.