‘ನಾ ಯಾರು ಹೇಳು’ ಅನ್ನೂ ಪ್ರಶ್ನಿಯ ಹಿಂದಿನ ಕಥಿ

ಮರವಿನ ಜಡ್ಡು ಇದ್ದವರ ಮನಿಗೆ ಬಂದವರು ಮೊದಲ ಕೇಳೂದು ಒಂದ ಮಾತು: “ಅಜ್ಜೀ, ನಾ ಯಾರು ಹೇಳು ನೋಡೂಣು?” ಈ ಪ್ರಶ್ನಿಗೂ ಒಂದು ಇತಿಹಾಸ ಐತ್ರಿ.

1901ರ ನವೆಂಬರದಾಗ ಜರ್ಮನಿಯ ಫ್ರಾಂಕ್‌ಫರ್ಟಿನೊಳಗ ಅಲೋಯ್ಸ್ ಅಲ್ಜೈಮರ್ ಅನ್ನೂ ಡಾಕ್ಟರು ಆಗುಸ್ಟ ಡೀಟರ್ ಅನ್ನೂ ಹೆಣ್ಮಗಳಿಗೆ ಗಂಡನ ಹೆಸರು ಕೇಳಿದ್ರು. ಆಕಿ ತನ್ನ ಹೆಸರನ್ನ ಹೇಳಿದ್ಲು. 51 ವರ್ಷ ಅಷ್ಟ ಆಕಿಗೆ, ಹೆಚ್ಚುಕಡಿಮಿ ನನ್ನ ವಯಸ್ಸು. ಡಾಕ್ಟರು ಕೇಳಿದ್ದು ಜಡ್ಡು ಏನಂತ ತಿಳಿಯಾಕ. ನಾವು ಕೇಳೂದು ಯಾಕ?

ಮುಂದ 1958ರ ಹೊತ್ತಿಗೆ ಅಮೆರಿಕದ ಟೊಪೀಕಾದೊಳಗ ಜೇಮ್ಸ್ ಫೋಲ್ಸಮ್ ಅನ್ನವರು ಬ್ಯಾರೆ ದಾರಿ ಹಿಡಿದ್ರು. ಇವತ್ತ ಯಾವ ವಾರ, ಯಾವ ಊರು, ಹೊರಗ ಮಳಿಯೋ ಬಿಸಲೋ, ಎಲ್ಲಾ ಹಲಗಿ ಮ್ಯಾಲೆ ಬರದು ದಿನಾ ಹೇಳಿಸೂದು. ಮೂಲ್ಯಾಗ ಕೂತವರನ್ನ ಮಾತಿಗೆ ಎಳದಿದ್ದು ಪುಣ್ಯದ ಕೆಲಸನ. ಆದ್ರ ಕಡೀಕ ಕೆಲವು ಕಡೆ ಅದು ದಿನಾ ಪರೀಕ್ಷೆ ಆಗಿ, ತಪ್ಪು ಹೇಳಿದವರ ಮಾರಿ ಸಣ್ಣದಾತು. ನಮ್ಮ ಅತ್ತಿಯವ್ರೂ ಹಂಗ. ಹುನಗುಂದದಿಂದ ಬಂದ ಬೀಗರು ಮೂರು ಸಲ ಗುರ್ತ ಕೇಳಿದ ಮ್ಯಾಲೆ ಸೆರಗು ಮಾರಿಗೆ ಹಿಡಕೊಂಡು ಒಳಗ ಹ್ವಾದವ್ರು ಸಂಜಿತನಾ ಉಣ್ಣಲಿಲ್ಲ.

1963ರಾಗ ರಾಬರ್ಟ್ ಬಟ್ಲರ್ ಅನ್ನೂ ಡಾಕ್ಟರು, ಮುದುಕರು ಹಿಂದಿಂದ ನೆನಸೂದು ಹುಚ್ಚಲ್ಲ, ಆ ವಯಸ್ಸಿನ ಸಹಜ ಕೆಲಸ ಅಂತ ಬರದ್ರು. ದೊಡ್ಡ ಬದಲಾವಣಿ ಬಂದದ್ದು ಇಂಗ್ಲೆಂಡಿನಾಗ. 2003ರಾಗ ಏಮಿ ಸ್ಪೆಕ್ಟರ್ ಮತ್ತ ಜೋಡಿಯವರು 201 ಮಂದಿ ಮ್ಯಾಲೆ ನೋಡಿದ್ರು: ವಾರಕ್ಕ ಎರಡು ಸಲ, ಮುಕ್ಕಾಲು ತಾಸು, ಏಳು ವಾರ, ಗುಂಪಿನ್ಯಾಗ ಮಾತು, ಹಾಡು, ಆಟ. ಇದರೊಳಗಿನ ಮುಖ್ಯ ನೇಮ ಅಂದ್ರ, ನೆನಪು ಕೇಳಬ್ಯಾಡ್ರಿ, ಅಭಿಪ್ರಾಯ ಕೇಳ್ರಿ. ಅಭಿಪ್ರಾಯಕ್ಕ ತಪ್ಪು ಅನ್ನೂದ ಇಲ್ಲ ನೋಡ್ರಿ! ಬುದ್ಧಿಗೂ ಮನಸ್ಸಿಗೂ ಒಂಚೂರು ಗುಣ ಕಂಡಿತು. ಜಡ್ಡು ಹೋಗೂದಿಲ್ಲ, ಅದನ್ನೂ ಹೇಳಬೇಕು. ಏಳು ವಾರಕ್ಕ ನಿಲ್ಲಿಸಬಾರದಂತ ಆಮ್ಯಾಲೆ ವಾರಕ್ಕೊಮ್ಮೆ 24 ವಾರ ಮುಂದುವರಿಸೂ ಪದ್ಧತಿನೂ ಬಂತು. ಚೆನ್ನೈದ ಸ್ಕಾರ್ಫ್ ಸಂಸ್ಥೆಯವರು ಇದನ್ನ ತಮಿಳು ಮಂದಿಗೆ ಹೊಂದಿಸ್ಯಾರ.

ನಮ್ಮ ಇಳಕಲ್ಲಿನ್ಯಾಗ ಸಾಮಾನಿಗೇನು ಬರ? ಎರಡು ಸೀರಿ ಹಾಸಿ, ಗೋಮಿ ದಡಿ ಚಲೋನೋ ಚಿಕ್ಕಿ ಪರಾಸ ಚಲೋನೋ ಅಂತ ಕೇಳ್ತೀನಿ. ಬಾದಾಮಿ ಬನಶಂಕರಿ ಜಾತ್ರ್ಯಾಗ ನಾಟಕ ಹೆಚ್ಚೋ ಬಳಿ ಅಂಗಡಿ ಹೆಚ್ಚೋ ಅಂತೀನಿ. ಚೌಕಾಬಾರಾ ಹಾಸಿದ್ರ ಕವಡಿ ಎಣಸೂದು ಕೈಗೆ ತಾನ ಬರತೈತಿ. ಓಣಿಯಾಗಿನ ಇನ್ನಿಬ್ಬರು ಅಜ್ಜ್ಯಾರನ್ನ ಕರದ್ರ ಇನ್ನೂ ಚಲೋ, ಗುಂಪಿಗೆ ಕಳೆ ಬ್ಯಾರೇನ. ಹ್ವಾದ ಗುರುವಾರ ನನ್ನ ಹೊಸಾ ಸೀರಿ ಸೆರಗು ಹಿಡದು ನೋಡಿ, “ತೆನಿ ಸೆರಗು ಅಲ್ಲವಾ ಇದು, ಮಶೀನಿಂದು, ಮೋಸ ಮಾಡ್ಯಾನವಾ ನಿನಗ” ಅಂದ್ರು. ನನ್ನ ಹೆಸರು ಮಾತ್ರ ಇನ್ನೂ ಬಂದಿಲ್ಲ. ನಾನೂ ಕೇಳಿಲ್ಲ.