ಮೈಸೂರಿನ ಹೆರಿಗೆ ಪುಸ್ತಕ, ತಿಕೋಟಾ ಕಡೆಯ ಅಜ್ಜಿಯ ವಯಸ್ಸು

ತಿಕೋಟಾ ಕಡೆಯ ಒಂದು ಹಳ್ಳಿಯಲ್ಲಿ ಈಚೆಗೆ ಒಬ್ಬ ಅಜ್ಜಿಯ ವಯಸ್ಸು ಕೇಳಿದೆವು. "ಎಪ್ಪತ್ತೆರಡರ ಬರ ಬಿದ್ದಾಗ ನನ್ನ ಹಿರೇ ಮಗ ತೊಟ್ಟಲದಾಗ ಇದ್ದ ನೋಡ್ರಿ" ಅಂದರು. ಮಗನಿಗೆ ಈಗ 53. ಅಜ್ಜಿಯ ಕಾರ್ಡಿನಲ್ಲಿ 61, ಹುಟ್ಟಿದ ದಿನ ಜನವರಿ 1. ತಾಯಿಗೂ ಮಗನಿಗೂ ಎಂಟೇ ವರ್ಷ ಅಂತರ! ನಗು ಬಂತು. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಬೇಕು ಅನ್ನೋದು ನೆನಪಾದ ಮೇಲೆ ನಗು ನಿಂತಿತು.

ಹುಟ್ಟಿದ್ದನ್ನು ಸರಿಯಾಗಿ ಬರೆದಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಕಥೆ ಇದೆ. ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1906ರಲ್ಲಿ ಶುರುವಾದದ್ದು. 1934ರಿಂದ ಅಲ್ಲಿ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತ ಬಂದರು. ಮುಂದೆ ಇದು ಯಾರಿಗೆ ಬೇಕಾದೀತು ಅಂತ ಆ ನರ್ಸಮ್ಮಂದಿರು ಯೋಚಿಸಿರಲಿಕ್ಕಿಲ್ಲ.

ಬೇಕಾದದ್ದು ಅರವತ್ತು ವರ್ಷದ ಮೇಲೆ. ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಎಂಬ ವೈದ್ಯ ವಿಜ್ಞಾನಿ ಅಲ್ಲಿನ ಹರ್ಟ್‌ಫರ್ಡ್‌ಶೈರ್ ಜಿಲ್ಲೆಯ ಹಳೇ ಕೂಸುಗಳ ದಾಖಲೆ ತೆಗೆದು, ಒಂದು ವರ್ಷದಲ್ಲಿ ತೂಕ ಕಡಿಮೆ ಇದ್ದವರೇ ದೊಡ್ಡವರಾದ ಮೇಲೆ ಹೃದಯ ರೋಗದಿಂದ ಹೆಚ್ಚು ಸತ್ತಿದ್ದಾರೆ ಅಂತ 1989ರಲ್ಲಿ ತೋರಿಸಿದ್ದರು. ಭಾರತದಲ್ಲೂ ಹಾಗೇ ಇದೆಯೇ? ಅವರ ಜೊತೆಯ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆ ಆಸ್ಪತ್ರೆಯಲ್ಲಿ ಹುಟ್ಟಿ ಅದೇ ಊರಲ್ಲಿದ್ದವರನ್ನು ಮನೆ ಮನೆ ತಿರುಗಿ ಹುಡುಕಿದರು. ಸಿಕ್ಕ 517 ಮಂದಿಯ ಫಲಿತಾಂಶ 1996ರಲ್ಲಿ ಅಚ್ಚಾಯಿತು. ಹುಟ್ಟಿದಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯ ರೋಗ ಹೆಚ್ಚು. ಬಸುರಿನಲ್ಲಿ ತಾಯಿಯೂ ಸಣಕಲಾಗಿದ್ದರೆ ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆಯದ್ದು ಮಾತ್ರ ಬೇರೆ ದಾರಿ: ಅದು ಗಿಡ್ಡವಾಗಿ, ಉದ್ದಕ್ಕೆ ಮೀರಿ ದಪ್ಪವಾಗಿ ಹುಟ್ಟಿದವರಲ್ಲಿ ಜಾಸ್ತಿ ಕಂಡಿತು. ಎಣಿಸಿದಂತೆ ಬರದ ಉತ್ತರವನ್ನೂ ಅವರು ಮುಚ್ಚಿಡಲಿಲ್ಲ, ಅದು ನಮಗೆ ಮೆಚ್ಚುಗೆಯಾಯಿತು. 2013ರ ನಂತರ ಅದೇ ಪುಸ್ತಕ ಹಿಡಿದು ವಯಸ್ಸಾದವರ ನೆನಪಿನ ಶಕ್ತಿಯನ್ನೂ ಪರೀಕ್ಷಿಸಿದರು.

ಈಗ ಇಂಥ ಕೆಲಸ ದೇಶದ ಮಟ್ಟದಲ್ಲಿ ನಡೆದಿದೆ. ಹೆಸರು ಲಾಸಿ. 2010ರಲ್ಲಿ ಪ್ರಯೋಗಕ್ಕೆ ಆರಿಸಿದ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017-18ರ ಮೊದಲ ಸುತ್ತಿನಲ್ಲಿ 45 ದಾಟಿದವರೂ ಅವರ ಗಂಡ-ಹೆಂಡಿರೂ ಸೇರಿ 72 ಸಾವಿರಕ್ಕೂ ಹೆಚ್ಚು ಜನರ ಬಿಪಿ, ತೂಕ, ಕೈಹಿಡಿತದ ಬಲ ಎಲ್ಲ ಅಳೆದರು. ಅದೇ ಜನರನ್ನು ಮತ್ತೆ ಮತ್ತೆ ನೋಡುವುದು ಇದರ ಹೂರಣ. ಮಾಹಿತಿ ಮುಂಬೈನ ಜನಸಂಖ್ಯಾ ವಿಜ್ಞಾನ ಸಂಸ್ಥೆಯಲ್ಲಿದೆ. ಯಾತಕ್ಕೆ ಬೇಕು ಅಂತ ಅರ್ಜಿ ತುಂಬಿ ಕೊಟ್ಟರೆ ಸಂಶೋಧಕರಿಗೆ ಸಿಗುತ್ತದೆ, ಹೆಸರು ವಿಳಾಸ ತೆಗೆದು ಕೊಡುತ್ತಾರೆ. ಆದರೆ ಲೆಕ್ಕ ರಾಜ್ಯಕ್ಕೆ ಹೊಂದುವಂಥದ್ದು. ಬಬಲೇಶ್ವರದ ಮುದುಕರ ಮೊಣಕಾಲು ನೋವಿನ ಅಂಕಿ ಅದರಲ್ಲಿ ಹುಡುಕಬೇಡಿ.

ಅಜ್ಜಿಯ ತವರು ಬಬಲೇಶ್ವರದ ಕಡೆ. ಮುಂಬೈ ಪ್ರಾಂತ್ಯದಲ್ಲಿದ್ದಾಗ ನಮ್ಮ ಹಳ್ಳಿಗಳ ಜನನ-ಮರಣ ಬರೆಯುತ್ತಿದ್ದವರು ಪೊಲೀಸ್ ಪಾಟೀಲರು. ತೂಕದ ಮಾತಿರಲಿ, ಹೆಸರಾದರೂ ಸಿಕ್ಕೀತು ಅಂತ ಒಂದು ಕಚೇರಿಗೆ ಹೋದೆವು. ಗಂಟು ಬಿಚ್ಚಿದರೆ ಗೆದ್ದಲು ಹಿಡಿದ ಪುಡಿ.

ನಿಮ್ಮ ಮನೆಯ ಕೂಸಿನ ತಾಯಿ ಕಾರ್ಡ್ ಇದ್ದರೆ ಟ್ರಂಕಿನಲ್ಲಿ ಜೋಪಾನ ಮಾಡಿ, ಹುಟ್ಟಿದಾಗಿನ ತೂಕ ಅದರಲ್ಲಿರುತ್ತದೆ. ಜನನ ನೋಂದಣಿಗೆ 21 ದಿನ ಯಾವ ಫೀಸೂ ಇಲ್ಲ.

ಅಜ್ಜಿ ಸಾಲಿ ಕಂಡವರಲ್ಲ. ಹಾಗಾಗಿ ಈಗ ಮಗನ ಶಾಲೆಯ ರಿಜಿಸ್ಟರ್ ಹುಡುಕುತ್ತಿದ್ದೇವೆ. ಅದರಲ್ಲೂ ಜೂನ್ 1 ಅಂತಲೇ ಬರೆದಿರುತ್ತಾರೆ, ಇರಲಿ. ವರ್ಷ ಸರಿಯಾಗಿದ್ದರೆ ಅರ್ಜಿಗೆ ಹಚ್ಚಲು ಒಂದು ಕಾಗದವಾದರೂ ಆಗುತ್ತದೆ.