ದನ ಬಿಟ್ಟ ಕಡ್ಡಿ, ನೆಲಕ್ಕೆ ಹೊದಿಕೆ

ನಂಜನಗೂಡಿನ ಒಣ ಸೀಮೇಲಿ ಗೋಮಾಳ ಅಂದ್ರೆ ಈಗ ಬಹಳ ಕಡೆ ಗಟ್ಟಿ ನೆಲ, ಕಲ್ಲು, ಲಂಟಾನ ಪೊದೆ. ಅತ್ತ ನರಸೀಪುರದ ನಾಲೆ ಬಯಲಲ್ಲಿ ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡ್ತಾರೆ. ಇಲ್ಲಿ ನೆಲ ಬೆತ್ತಲೆ ಅದ, ಅಲ್ಲಿ ಹೊದಿಕೇನೇ ಸುಡ್ತದ. ಇವೆರಡನ್ನೂ ಸೇರಿಸಿ ಯೋಚಿಸೋಣ ಅಂತ ಬರೀತಿದೀನಿ ಕನ್ರವ್ವ.

ಹುಲ್ಲನ್ನ ನಮ್ಮ ಸೀಮೇಲಿ ಹಿಂದಿನಿಂದ್ಲೂ ಹಗುರವಾಗಿ ಕಂಡಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲೇ ಅರಮನೆ ದನಗಳಿಗೆ ಅಂತ ಬೆಣ್ಣೆ ಚಾವಡಿ ಇತ್ತು. ಟಿಪ್ಪು ಸುಲ್ತಾನ ಅದನ್ನ ಅಮೃತಮಹಲ್ ಅಂತ ಕರೆದ. ಆ ದನ ಮೇಯೋಕೆ ಕಾವಲು ಬಿಟ್ಟಿದ್ರು: ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು, ಬೇಸಗೆಗೆ ಒಂದು. ಒಂದರಲ್ಲಿ ದನ ಮೇಯುವಾಗ ಇನ್ನೆರಡರಲ್ಲಿ ಹುಲ್ಲು ತೆನೆ ಕಟ್ಟಿ ಬೀಜ ಉದುರಿಸ್ತಿತ್ತು. ಇಂಗ್ಲಿಷರು 1860ರಲ್ಲಿ ಖರ್ಚು ಜಾಸ್ತಿ ಅಂತ ಅಮೃತಮಹಲ್ ಮುಚ್ಚಿದ್ರು. ಒಳ್ಳೆ ಎತ್ತು ಸಿಗದೆ 1866ರಲ್ಲಿ ತಾವೇ ತಿರುಗಿ ಶುರು ಮಾಡಿದ್ರು.

1876ರಿಂದ 78ರವರೆಗೆ ಧಾತು ಈಶ್ವರ ಬರ ಬಂದಾಗ ಮೈಸೂರು ಸೀಮೇಲಿ ಜನಾನೂ ಸತ್ರು, ದನಾನೂ ಸತ್ವು. ಮೆದೇಲಿ ವರ್ಷಗಟ್ಟಲೆ ಕೆಡದ ರಾಗಿ ಹುಲ್ಲಿನ ಬೆಲೆ ಅಂತ ಕಾಲದಲ್ಲೇ ಗೊತ್ತಾಗೋದು. ಊರ ದನಕ್ಕೆ ಗೋಮಾಳ ಬಿಡೋ ಪದ್ಧತಿ ಕಾನೂನಲ್ಲೂ ಅದ. 1966ರ ಭೂಕಂದಾಯ ನಿಯಮದಂತೆ 100 ದನಕ್ಕೆ 30 ಎಕರೆ. ಆದರೆ ಎಕರೆ ಇದ್ರೆ ಸಾಲದು, ಅದರಲ್ಲಿ ಹುಲ್ಲಿರಬೇಕಲ್ಲ?

ಬೆತ್ತಲೆ ನೆಲಕ್ಕೆ ಮಳೆ ಹನಿ ಬಡಿದ್ರೆ ಮೇಲ್ಮಣ್ಣು ಹೆಪ್ಪುಗಟ್ಟತದ. ನೀರು ಇಂಗದೆ ಹರಿದೋಯ್ತದ, ಗರಿಕೆ ಬೀಜವೂ ಅದರ ಜೊತೆಗೇ. ಒಣ ಕಡ್ಡಿ ಹರಡಿದ್ರೆ ಹನಿ ಪೆಟ್ಟು ತಪ್ತದ, ತೇವ ನಿಲ್ತದ, ತೇಲಿ ಬಂದ ಬೀಜ ಅಲ್ಲೇ ಸಿಕ್ಕೊಂಡು ಮೊಳೀತದ. ಆಫ್ರಿಕಾದ ಬುರ್ಕಿನಾ ಫಾಸೋ ದೇಶದಲ್ಲಿ ರೈತರು ಗಟ್ಟಿ ನೆಲದ ಮೇಲೆ ಒಣಹುಲ್ಲು ಹಾಸ್ತಾರೆ. ಅದನ್ನ ತಿನ್ನೋಕೆ ಗೆದ್ದಲು ಬಂದು ತೂತು ಕೊರೀತವೆ, ಆ ತೂತಲ್ಲಿ ನೀರು ಇಳೀತದ. ನಾವು ಶಾಪ ಹಾಕೋ ಗೆದ್ದಲೇ ಅಲ್ಲಿ ಉಳುಮೆ ಮಾಡ್ತದ!

ಹಂಗಂತ ರಾಗಿ ಹುಲ್ಲನ್ನ ನೆಲಕ್ಕೆ ಹಾಕಿ ಅಂತ ಹೇಳ್ತಿಲ್ಲ, ಅದು ದನದ ಬಾಯಿಗೇ ಹೋಗ್ಲಿ. ದನ ಮುಟ್ಟದೆ ಬಿಟ್ಟದ್ದು ನೆಲಕ್ಕೆ: ತೊಗರಿ ಕಡ್ಡಿ, ಜೋಳದ ಕೂಳೆ, ಗ್ವಾದ್ಲೀಲಿ ಉಳಿದ ಕಸ, ಕಬ್ಬಿನ ತರಗು. ಮುಂಗಾರಿಗೆ ಮುಂಚೆ, ಸಂದಿಯಲ್ಲಿ ಮಣ್ಣು ಕಾಣೋವಷ್ಟು ತೆಳ್ಳಗೆ ಹರಡಬೇಕು. ದಪ್ಪ ಹಾಕಿದ್ರೆ ಮೊಳಕೆ ಮೇಲೆ ಬರಲ್ಲ. ಪಾರ್ಥೇನಿಯಂ ಬೀಜ ಸೇರಿದ ಕಸ ಬೇಡ. ಹುಲ್ಲು ತೆನೆ ಬಿಡೋವರೆಗೂ ಆ ಜಾಗಕ್ಕೆ ದನ ಬಿಡಬಾರದು. ಹಳೇ ಕಾವಲಿನ ಬುದ್ಧಿಯೂ ಇದೇ.

ಡೇರಿಗೆ ಹಾಲು ಹಾಕೋರು ನಾವು, ಹುಲ್ಲಿನ ಹೊರೆ ಹೊರೋರೂ ನಾವೇ. ಅದಕ್ಕೇ ಹೇಳೋದು, ಈ ಸಲ ಕಬ್ಬು ಕಡಿದ ಮೇಲೆ ತರಗಿಗೆ ಕಡ್ಡಿ ಗೀರೋ ಮುಂಚೆ ಮನೇಲಿ ಒಂದು ಮಾತು ಆಡಿ. ಊರ ಗೋಮಾಳದಲ್ಲಿ ಬರೀ ಹತ್ತು ಗುಂಟೆ ಆದ್ರೂ ಎಲ್ಲರೂ ಸೇರಿ ಹೊದಿಸಿ ನೋಡಿ.